ಕಣ್ಣಿಲ್ಲದವರು ಪುಸ್ತಕವನ್ನು ಹೇಗೆ ಓದಲು ಬಯಸುತ್ತಾರೆ? ಐವತ್ತು ಕಾದಂಬರಿ ಧ್ವನಿಮುದ್ರಿಸುವ ಮೊದಲು ಒಂದು ಪ್ರಶ್ನೆ

ತುಂಗಾತೀರ

ನಮಸ್ಕಾರ. ನಾನು ಶಿವಮೊಗ್ಗದವನು, ಬ್ಯಾಂಕಿನಿಂದ ನಿವೃತ್ತನಾಗಿ ಎರಡು ವರ್ಷವಾಯಿತು. ಬೆಳಗಿನ ನಡಿಗೆಯ ನಮ್ಮ ಗುಂಪಿನ ಎಂಟು ಮಂದಿ ಸೇರಿ, ಕಣ್ಣಿಲ್ಲದವರಿಗಾಗಿ ಐವತ್ತು ಕನ್ನಡ ಕಾದಂಬರಿಗಳನ್ನು ಓದಿ ಧ್ವನಿಮುದ್ರಿಸಬೇಕೆಂದು ತೀರ್ಮಾನಿಸಿದ್ದೇವೆ. ಮೈಕ್ ಕೊಂಡದ್ದಾಗಿದೆ. ಒಬ್ಬರ ಮಹಡಿಯ ಕೋಣೆಗೆ ಹಳೆಯ ಕಂಬಳಿಗಳನ್ನು ಇಳಿಬಿಟ್ಟು ಸ್ಟುಡಿಯೋ ಮಾಡಿಕೊಂಡಿದ್ದೇವೆ. ಇಬ್ಬರು ಹವ್ಯಾಸಿ ರಂಗಭೂಮಿಯವರು, ಪಾತ್ರಕ್ಕೊಂದು ಧ್ವನಿ ತೆಗೆಯುತ್ತಾರೆ. ಒಬ್ಬರ ಮೊಮ್ಮಗ ಕೊಳಲು ಕಲಿಯುತ್ತಿದ್ದಾನೆ. ಭಾವುಕ ಸನ್ನಿವೇಶಗಳಿಗೆ ಅದೂ ಇರಲಿ ಎಂದುಕೊಂಡಿದ್ದೇವೆ. ಎಲ್ಲವನ್ನೂ ಯೂಟ್ಯೂಬಿಗೆ ಹಾಕುವ ಯೋಚನೆ.

ಕಳೆದ ಭಾನುವಾರ ಗುಂಪಿನಲ್ಲಿ ಜಗಳವೇ ಆಯಿತು. "ಈಗ ಕಂಪ್ಯೂಟರೇ ಓದುತ್ತದೆ, ನಮ್ಮ ಗಂಟಲು ಯಾರಿಗೆ ಬೇಕು" ಎಂದರು ಒಬ್ಬರು. "ಅವರ ಲಿಪಿ ಬ್ರೈಲ್, ದುಡ್ಡು ಕೂಡಿಸಿ ಬ್ರೈಲ್ ಪುಸ್ತಕ ಮಾಡಿಸೋಣ" ಎಂದರು ಇನ್ನೊಬ್ಬರು. ಕಾಫಿ ಆರಿ ತಣ್ಣಗಾಗುವವರೆಗೂ ವಾದ ನಡೆಯಿತು. ಎಂಟು ಮಂದಿಯಲ್ಲಿ ಒಬ್ಬರಿಗೂ ಕಣ್ಣಿಲ್ಲದ ಗೆಳೆಯರಿಲ್ಲ ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ. ಕೇಳುವುದೋ, ಮುಟ್ಟುವುದೋ, ಯಾವುದು ಇಷ್ಟ?

ಮಲ್ಲಿಗೆಬಳ್ಳಿ

ಒಳ್ಳೆಯ ಕೆಲಸ ಸರ್. ಕೊಳಲು ಇದ್ದರೆ ಇನ್ನೂ ಚೆನ್ನ.

ವೇಗದೂತ

ಕೊಳಲು ಬೇಡ. ದಯವಿಟ್ಟು ಬೇಡ. ಉಳಿದದ್ದನ್ನು ಆಮೇಲೆ ಬರೆಯುತ್ತೇನೆ, ಕಚೇರಿಯಲ್ಲಿದ್ದೇನೆ.

ಆರುಚುಕ್ಕಿ

ತುಂಗಾತೀರ ಅವರೇ, ಮೊದಲು ಕೇಳಿ ಆಮೇಲೆ ಮಾಡಲು ಹೊರಟಿದ್ದೀರಿ, ಅದಕ್ಕೆ ಕೃತಜ್ಞತೆಗಳು. ಸಾಮಾನ್ಯವಾಗಿ ಮಾಡಿ ಮುಗಿಸಿ, ಫೋಟೋ ತೆಗೆಸಿಕೊಂಡು, ಆಮೇಲೆ ಕೇಳುತ್ತಾರೆ.

ನಾನು ಹುಟ್ಟು ಅಂಧ. ಗದಗ ಜಿಲ್ಲೆಯವನು, ಈಗ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಶಿಕ್ಷಕ. ನಿಮ್ಮ ಪ್ರಶ್ನೆಗೆ ಒಂದೇ ಉತ್ತರ ಕೊಡಲು ನನ್ನಿಂದ ಆಗದು. ನಿನ್ನೆ ಒಂದೇ ದಿನ ನಾನು ಓದಿದ ರೀತಿಯನ್ನು ಹೇಳುತ್ತೇನೆ, ನೀವೇ ನೋಡಿ. ಬೆಳಿಗ್ಗೆ ದಿನಪತ್ರಿಕೆಯನ್ನು ಮೊಬೈಲಿನ ಟಾಕ್‌ಬ್ಯಾಕ್ ಓದಿತು, ಹಲ್ಲುಜ್ಜುತ್ತಾ ಕೇಳಿದೆ. ತರಗತಿಗೆ ಬೇಕಾದ ಟಿಪ್ಪಣಿ ಬ್ರೈಲ್ ಹಾಳೆಯಲ್ಲಿತ್ತು. ಮಕ್ಕಳ ಕಡೆ ಮುಖ ಮಾಡಿ ಬೆರಳಿನಿಂದ ಓದುತ್ತಾ ಪಾಠ ಮಾಡಿದೆ. ಕಿವಿಯಲ್ಲಿ ಯಂತ್ರ ಮಾತನಾಡುತ್ತಿದ್ದರೆ ಬಾಯಿಂದ ಪಾಠ ಹೇಳುವುದು ಹೇಗೆ? ಸಂಜೆ ಬಸ್ಸಿನಲ್ಲಿ ಒಂದು ಸಂಶೋಧನಾ ಗ್ರಂಥದ ಕೆಲವು ಪುಟಗಳನ್ನು ಯಾಂತ್ರಿಕ ಧ್ವನಿಯಲ್ಲಿ ವೇಗವಾಗಿ ಓಡಿಸಿದೆ. ರಾತ್ರಿ ಮಲಗುವಾಗ ಕಾದಂಬರಿ, ಮನುಷ್ಯರ ಧ್ವನಿಯಲ್ಲಿ. ಓದುತ್ತಿದ್ದವರು ಯಾರೋ ಹಿರಿಯ ಮಹಿಳೆ. ಮೂರನೆಯ ಅಧ್ಯಾಯದಲ್ಲಿ ಅವರ ಮನೆಯ ಕುಕ್ಕರ್ ಎರಡು ಸಲ ಕೂಗುತ್ತದೆ. ಆ ಕುಕ್ಕರ್ ನನಗೆ ಈಗ ಕಾದಂಬರಿಯ ಪಾತ್ರವೇ ಆಗಿಹೋಗಿದೆ.

ಕುಕ್ಕರನ್ನು ಒಪ್ಪುತ್ತೇನೆ, ಕೊಳಲನ್ನು ಒಪ್ಪಲಾರೆ. ಕುಕ್ಕರ್ ಎಲ್ಲಿ ಅಳಬೇಕೆಂದು ನನಗೆ ಹೇಳಿಕೊಡುವುದಿಲ್ಲ.

ಅಚ್ಚುಮೊಳೆ

ಬ್ರೈಲ್ ಕಾಲ ಮುಗಿಯಿತು ಎಂದು ನನ್ನ ಭಾವನೆ. ಡಿಟಿಪಿ ಅಂಗಡಿ ನಡೆಸಿದವನು ನಾನು, ಕಾಗದದ ಲೆಕ್ಕ ಗೊತ್ತು. ಅಚ್ಚಿನ ಒಂದು ಪುಟಕ್ಕೆ ಬ್ರೈಲ್‌ನಲ್ಲಿ ಎರಡು ಮೂರು ಪುಟ ಬೇಕು, ಅದೂ ದಪ್ಪ ಕಾಗದ. ಮುನ್ನೂರು ಪುಟದ ಕಾದಂಬರಿ ಹಲವು ಸಂಪುಟಗಳಾಗುತ್ತದೆ. ಇಡಲು ಜಾಗವೆಲ್ಲಿ? ಒಂದು ಚಿಕ್ಕ ಮೆಮೊರಿ ಕಾರ್ಡಿನಲ್ಲಿ ಇಡೀ ಗ್ರಂಥಾಲಯ ಕೂರುವಾಗ ಈ ಹೊರೆ ಯಾಕೆ?

ಆರುಚುಕ್ಕಿ

ಅಚ್ಚುಮೊಳೆ ಅವರೇ, ಮೊಬೈಲಿನಲ್ಲಿ ವಾರ್ತೆ ಕೇಳಿಸುತ್ತದೆ ಎಂದು ನಿಮ್ಮ ಮೊಮ್ಮಕ್ಕಳಿಗೆ ಅಕ್ಷರ ಕಲಿಸುವುದನ್ನು ಬಿಟ್ಟಿದ್ದೀರಾ?

ನನ್ನ ಬಳಿ ಬರುವ ಮಕ್ಕಳಲ್ಲಿ ಕೆಲವರು ಬ್ರೈಲ್ ಕಲಿಯದೆ ಕೇವಲ ಕೇಳಿಯೇ ಹತ್ತನೆಯ ತರಗತಿಗೆ ಬಂದಿರುತ್ತಾರೆ. ಚುರುಕಾದ ಮಕ್ಕಳು, ಕೇಳಿದ್ದನ್ನು ಮರೆಯುವುದಿಲ್ಲ. ಆದರೆ 'ವಿಷಯ'ದಲ್ಲಿ ಯಾವ ಷ ಎಂದರೆ ಗೊತ್ತಿಲ್ಲ. ಕಿವಿಗೆ ಶ, ಷ ಎರಡೂ ಒಂದೇ. ನಮ್ಮ ಕಡೆ ಮಾತಿನಲ್ಲಿ ಮಹಾಪ್ರಾಣವನ್ನು ಯಾರು ಒತ್ತಿ ಹೇಳುತ್ತಾರೆ? ಕೇಳಿ ಕಲಿತವನು 'ಭಾಷೆ'ಯನ್ನು 'ಬಾಶೆ' ಎಂದು ಬರೆದರೆ ಅವನ ತಪ್ಪೇನು? ಬೆರಳಿಗೆ ಮಾತ್ರ ಈ ಗೊಂದಲವಿಲ್ಲ. ಬ್ರೈಲ್ ಅಕ್ಷರದ ಒಂದು ಕೋಶದಲ್ಲಿ ಎರಡು ಸಾಲಾಗಿ ಆರು ಉಬ್ಬುಚುಕ್ಕಿಗಳಿಗೆ ಜಾಗ. ಲ ಎಂದರೆ ಎಡಸಾಲಿನ ಮೂರು ಚುಕ್ಕಿ, ಳ ಎಂದರೆ ಬಲಸಾಲಿನ ಮೂರು ಚುಕ್ಕಿ. ಒಮ್ಮೆ ಮುಟ್ಟಿದವನು ಮರೆಯುವುದಿಲ್ಲ.

ಷಟ್ಪದಿ

ಒಂದು ಸಂದೇಹ. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿದರೆ ನೂರಾರು ಆಕಾರಗಳು. ಆರು ಚುಕ್ಕಿಗಳಲ್ಲಿ ಅಷ್ಟನ್ನೂ ಹೇಗೆ ಹಿಡಿಸಿದ್ದಾರೆ? ಆರು ಚುಕ್ಕಿಯಿಂದ 63 ಜೋಡಣೆಗಳಷ್ಟೇ ಸಾಧ್ಯ ಎಂದು ಓದಿದ ನೆನಪು.

ಆರುಚುಕ್ಕಿ

63 ಸರಿ. ಬ್ರೈಲ್‌ನಲ್ಲಿ ಗುಣಿತವೂ ಇಲ್ಲ, ಒತ್ತೂ ಇಲ್ಲ. 'ಕಿ' ಎಂದರೆ ಕ ಬರೆದು ಅದರ ಮುಂದೆ ಇ. ಒತ್ತಕ್ಷರ ಬಂದಾಗ, ಅರ್ಧವಾಗುವ ವ್ಯಂಜನದ ಮುಂಚೆ ನಾಲ್ಕನೆಯ ಚುಕ್ಕಿಯೊಂದನ್ನು ಇಡುತ್ತೇವೆ, ಅಷ್ಟೇ. ನೀವು ಅಚ್ಚಿನಲ್ಲಿ 'ಸ್ತ್ರೀ' ಎಂದು ಒಂದರ ಕೆಳಗೊಂದು ನೇತುಹಾಕುವುದನ್ನು ನಾವು ಆರು ಕೋಶಗಳಲ್ಲಿ ಸಾಲಾಗಿ ನಡೆಸಿಕೊಂಡು ಹೋಗುತ್ತೇವೆ. ಕ್ಷ ಮತ್ತು ಜ್ಞ ಮಾತ್ರ ಅದೃಷ್ಟವಂತರು, ಅವಕ್ಕೆ ಸ್ವಂತ ಕೋಶಗಳಿವೆ. ಇದು ಭಾರತಿ ಬ್ರೈಲ್. 1951ರ ಸುಮಾರಿಗೆ ಭಾರತದ ಭಾಷೆಗಳಿಗೆಲ್ಲ ಒಂದೇ ಪದ್ಧತಿ ಎಂದು ಮಾಡಿಕೊಂಡದ್ದು. ಹಾಗಾಗಿ ಹಿಂದಿಯ क ಮತ್ತು ಕನ್ನಡದ ಕ ನನ್ನ ಬೆರಳಿಗೆ ಒಂದೇ. ತೆಲುಗು ಪುಸ್ತಕವನ್ನೂ ಗಟ್ಟಿಯಾಗಿ ಓದಬಲ್ಲೆ, ಅರ್ಥವಾಗುವುದಿಲ್ಲ ಎಂಬುದು ಬೇರೆ ಮಾತು.

ಷಟ್ಪದಿ

ಕೆಳಗೆ ಒತ್ತೇ ಇಲ್ಲದ ಕನ್ನಡ! ಈಗ ಊಟ ಮಾಡುತ್ತಾ ಇದನ್ನೇ ಯೋಚಿಸುತ್ತೇನೆ.

ವೇಗದೂತ

ಮನೆಗೆ ಬಂದೆ. ನಾನೂ ಪೂರ್ತಿ ಅಂಧ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಪರೀಕ್ಷಕ. ಆರುಚುಕ್ಕಿ ಅವರ ಮೇಲೆ ಗೌರವವಿದೆ, ಆದರೆ ಎಲ್ಲರೂ ಅವರ ಹಾಗೆ ರಾತ್ರಿ ಕುಕ್ಕರ್ ಕೇಳಿಕೊಂಡು ಮಲಗುವವರಲ್ಲ.

ನನಗೆ ಮನುಷ್ಯರ ಧ್ವನಿ ಬೇಡವೇ ಬೇಡ, ಕಾದಂಬರಿಗೂ ಬೇಡ. ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಹಾಕಿಕೊಂಡು, ಇ-ಸ್ಪೀಕ್‌ನ ಆ ತಗಡಿನ ಧ್ವನಿಯನ್ನು ಮಾಮೂಲಿ ಮಾತಿನ ಮೂರು ಪಟ್ಟು ವೇಗದಲ್ಲಿ ಓಡಿಸುತ್ತೇನೆ. ಪಕ್ಕದಲ್ಲಿ ಕುಳಿತವರಿಗೆ ಅದು ಜೀರುಂಡೆಯ ಸದ್ದು. ನನಗೆ ಪ್ರತಿಯೊಂದು ಪದವೂ ಸ್ಪಷ್ಟ. ಎರಡನೆಯ ದಿನಕ್ಕೇ ಧ್ವನಿ ಮಾಯವಾಗಿ ವಾಕ್ಯ ಮಾತ್ರ ಉಳಿಯುತ್ತದೆ. ನೀವು ಓದುವಾಗ ಅಕ್ಷರದ ಮೊಳೆಯ ಆಕಾರವನ್ನು ನೋಡುತ್ತಾ ಕೂರುತ್ತೀರಾ? ಹಾಗೆಯೇ. ನಾಟಕದವರು ಓದಿದರೆ, ಕಾದಂಬರಿಯ ಗೌಡರ ಧ್ವನಿ ಹೇಗಿರಬೇಕೆಂಬುದನ್ನು ಅವರೇ ನಿರ್ಧರಿಸಿಬಿಡುತ್ತಾರೆ. ನನ್ನ ಗೌಡ ಮೆತ್ತಗೆ ಮಾತನಾಡುವ ಮನುಷ್ಯನಾಗಿದ್ದರೆ?

ಇನ್ನೊಂದು ಕಾರಣವೂ ಇದೆ, ಸ್ವಲ್ಪ ಕಹಿ. ಕಾಲೇಜಿನಲ್ಲಿದ್ದಾಗ ಧ್ವನಿಮುದ್ರಿತ ಕಾದಂಬರಿಯೊಂದನ್ನು ಕೇಳಿದ್ದೆ. ಓದಿದವರು ಪ್ರತಿ ಪುಟದ ಸಂಖ್ಯೆಯನ್ನೂ ನಿಷ್ಠೆಯಿಂದ ಹೇಳುತ್ತಿದ್ದರು. ಪುಟ 84 ಆದ ಮೇಲೆ ನೇರ ಪುಟ 87. ಏನೋ ತಪ್ಪಿರಬೇಕು ಎಂದುಕೊಂಡೆ. ಮೂರು ವರ್ಷಗಳ ನಂತರ ಗೆಳೆಯನೊಬ್ಬ ಅಚ್ಚಿನ ಪುಸ್ತಕ ತೆಗೆದು ಆ ಪುಟಗಳನ್ನು ಓದಿದ. ಗಂಡ ಹೆಂಡತಿ ರಾತ್ರಿ ಒಟ್ಟಿಗಿರುವ ದೃಶ್ಯ. ಓದಿದ ಪುಣ್ಯಾತ್ಮರಿಗೆ ನಾಚಿಕೆಯಾಗಿತ್ತು, ಅಥವಾ ಕಣ್ಣಿಲ್ಲದವನಿಗೆ ಇದೆಲ್ಲ ಯಾಕೆ ಎಂದುಕೊಂಡಿದ್ದರು. ಯಂತ್ರಕ್ಕೆ ನಾಚಿಕೆಯಿಲ್ಲ. ಅದಕ್ಕೇ ನನಗೆ ಯಂತ್ರ ಇಷ್ಟ.

ಮಲ್ಲಿಗೆಬಳ್ಳಿ

84ರಿಂದ 87! ನಗಬೇಕೋ ಅಳಬೇಕೋ ತಿಳಿಯುತ್ತಿಲ್ಲ. ಕೊಳಲಿನ ಬಗ್ಗೆ ಬರೆದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ತುಂಗಾತೀರ

ನಮ್ಮಲ್ಲಿ ಯಾರೂ ಪುಟ ಹಾರಿಸುವವರಲ್ಲ ಎಂದು ಬರೆಯಲು ಹೊರಟೆ. ಆಮೇಲೆ ಎಂಟು ಮುಖಗಳನ್ನು ಒಂದೊಂದಾಗಿ ನೆನಪಿಸಿಕೊಂಡೆ. ಇಬ್ಬರ ಮೇಲೆ ನನಗೆ ಅನುಮಾನವಿದೆ.

ವೇಗದೂತ ಅವರೇ, ಹಾಗಾದರೆ ಕಂಪ್ಯೂಟರೇ ಓದುತ್ತದೆ ಎಂದವರೇ ಗೆದ್ದರೇ? ನಾವು ಮಾಡುವುದಕ್ಕೆ ಏನೂ ಉಳಿದಿಲ್ಲವೇ?

ವೇಗದೂತ

ಕೆಲಸ ಉಳಿದಿರುವುದೇ ಅಲ್ಲಿ. ಯಂತ್ರ ಓದುತ್ತದೆ, ಸರಿ. ಓದಲು ಅದಕ್ಕೆ ಕನ್ನಡ ಎಲ್ಲಿ ಸಿಗುತ್ತದೆ?

ನಮ್ಮ ಪ್ರಕಾಶಕರ ಕಂಪ್ಯೂಟರುಗಳಲ್ಲಿ ಮಲಗಿರುವ ಪುಸ್ತಕಗಳಲ್ಲಿ ಬಹುಪಾಲು ಹಳೆಯ ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಅಕ್ಷರಗಳಲ್ಲಿವೆ. ಕಣ್ಣಿಗೆ ಅದು ಕನ್ನಡ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಕನ್ನಡದ ಮುಖವಾಡ. ಹಳೆಯ ನುಡಿಯಲ್ಲಿ ಬೆರಳಚ್ಚು ಮಾಡಿದ 'ಕನ್ನಡ' ಎಂಬ ಪದವನ್ನು ನನ್ನ ಸ್ಕ್ರೀನ್ ರೀಡರ್‌ಗೆ ಕೊಟ್ಟರೆ ಅದು ಓದುವುದು ಹೀಗೆ: ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್. ಇದು 'ಕನ್ನಡ'! ಇಂಥ ಮುನ್ನೂರು ಪುಟಗಳನ್ನು ಊಹಿಸಿಕೊಳ್ಳಿ.

ಪುಸ್ತಕವನ್ನು ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರ ಗುರುತಿಸುವ ಒಸಿಆರ್‌ಗೆ ಹಾಕಿದರೆ ಯುನಿಕೋಡ್, ಅಂದರೆ ಯಂತ್ರಕ್ಕೂ ಕನ್ನಡವೆಂದೇ ತಿಳಿಯುವ ಪಠ್ಯ, ಸಿಗುತ್ತದೆ, ಆದರೆ ಹಳೆಯ ಮೊಳೆಯ ಅಚ್ಚಿನಲ್ಲಿ ಪ ಮತ್ತು ವ, ಘ ಮತ್ತು ಫ, ಥ ಮತ್ತು ಧ ಅದಲುಬದಲಾಗುತ್ತವೆ. ಒಂದು ಕಾದಂಬರಿಯಲ್ಲಿ ಮದುವೆಯ ಊಟ. ನನ್ನ ಯಂತ್ರ ಗಂಭೀರವಾಗಿ ಓದಿತು: "ಬೀಗರಿಗೆ ಮೊದಲು ವಾಯಸ ಬಡಿಸಿದರು." ವಾಯಸ ಎಂದರೆ ಕಾಗೆ. ಬೀಗರು ಎರಡನೆಯ ಸಲವೂ ಹಾಕಿಸಿಕೊಂಡರು.

ಆದ್ದರಿಂದ ನಿಮ್ಮ ಎಂಟು ಜೋಡಿ ಕಣ್ಣುಗಳನ್ನು ಮೈಕಿನ ಮುಂದೆ ವ್ಯರ್ಥ ಮಾಡಬೇಡಿ. ಒಸಿಆರ್ ಮಾಡಿದ ಪಠ್ಯವನ್ನು ಪುಸ್ತಕದ ಜೊತೆ ಹೋಲಿಸಿ ತಿದ್ದಿಕೊಡಿ. ಶುದ್ಧವಾದ ಒಂದು ಯುನಿಕೋಡ್ ಕಡತ ಸಿಕ್ಕರೆ ನಾನು ಅದನ್ನು ಕೇಳುತ್ತೇನೆ, ಆರುಚುಕ್ಕಿ ಅದನ್ನೇ ಬ್ರೈಲ್‌ಗೆ ಇಳಿಸಿಕೊಳ್ಳುತ್ತಾರೆ, ಮಂದದೃಷ್ಟಿಯವರು ಅಕ್ಷರ ದೊಡ್ಡದು ಮಾಡಿಕೊಳ್ಳುತ್ತಾರೆ.

ಅಚ್ಚುಮೊಳೆ

ನುಡಿಯ ವಿಷಯ ನಿಜ. ನಾನೇ ಪೇಜ್‌ಮೇಕರಿನಲ್ಲಿ ಇನ್ನೂರಕ್ಕೂ ಹೆಚ್ಚು ಪುಸ್ತಕ ಕಟ್ಟಿದ್ದೇನೆ, ಎಲ್ಲವೂ ಆ ಮುಖವಾಡದವೇ. ಅದನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳಿವೆ. ಅರ್ಕಾವತ್ತು ಎಲ್ಲಿಗೋ ಹಾರಿ ಕೂರುತ್ತದೆ, ಒಮ್ಮೊಮ್ಮೆ ಒತ್ತು ಬೇರೆ ಅಕ್ಷರದ ಕಾಲಿಗೆ ಬೀಳುತ್ತದೆ. ಆದರೂ ಒಸಿಆರ್‌ಗಿಂತ ಎಷ್ಟೋ ಮೇಲು.

ಇಷ್ಟು ವರ್ಷ ಅಕ್ಷರದ ಅಂದಕ್ಕಾಗಿ ರಾತ್ರಿ ಎದ್ದು ಕುಳಿತವನು ನಾನು. ಒಳಗೆ ಪೌಂಡ್ ಚಿಹ್ನೆ ಇತ್ತು ಎಂದು ಯಾರೋ ಓದಿ ಹೇಳಿದ್ದು ಇದೇ ಮೊದಲು.

ಮಬ್ಬುಬೆಳಕು

ನಮ್ಮನ್ನು ಒಂದು ವಾಕ್ಯದಲ್ಲಾದರೂ ನೆನೆದಿರಲ್ಲ, ವೇಗದೂತರಿಗೆ ಧನ್ಯವಾದ. ಕಣ್ಣು ಪೂರ್ತಿ ಹೋದವರು ಮತ್ತು ಪೂರ್ತಿ ಇರುವವರು, ಜಗತ್ತಿನಲ್ಲಿ ಇವರಿಬ್ಬರೇ ಇದ್ದಾರೆ ಎಂದು ಜನ ತಿಳಿಯುತ್ತಾರೆ. ನಾನು ಕಪ್ಪು ಹಿನ್ನೆಲೆಯ ಮೇಲೆ ಹಳದಿ ಅಕ್ಷರಗಳನ್ನು ಲಿಂಬೆಹಣ್ಣಿನಷ್ಟು ದೊಡ್ಡದು ಮಾಡಿಕೊಂಡು, ಪರದೆಗೆ ಮೂಗು ತಾಗಿಸಿ ಓದುತ್ತೇನೆ. ಒಂದು ಪುಟಕ್ಕೆ ಐದು ನಿಮಿಷ. ಆಡಿಯೋ ಕೇಳು ಎನ್ನುತ್ತಾರೆ. ಕೇಳುವುದಿಲ್ಲ. ಓದುವುದೆಂದರೆ ನನಗೆ ಅಕ್ಷರ ಕಾಣುವುದು, ಕಾಣುವಷ್ಟು ದಿನ ನೋಡುತ್ತೇನೆ.

ಪಿಡಿಎಫ್ ಕೊಡಬೇಡಿ, ದೊಡ್ಡದು ಮಾಡಿದರೆ ಸಾಲು ಪರದೆಯಿಂದ ಆಚೆ ಓಡಿಹೋಗುತ್ತದೆ. ಇ-ಪಬ್ ಕೊಡಿ, ಸಾಲು ತಾನೇ ಮಡಚಿಕೊಳ್ಳುತ್ತದೆ.

ಕರಿಕೋಟು

ಕಾನೂನಿನ ಎರಡು ಮಾತು, ಏಕೆಂದರೆ ಯೂಟ್ಯೂಬ್ ಎಂಬ ಪದ ಓದಿ ಎದೆ ಝಲ್ಲೆಂದಿತು. ಹಕ್ಕುಸ್ವಾಮ್ಯ ಇನ್ನೂ ಜಾರಿಯಲ್ಲಿರುವ ಕಾದಂಬರಿಯನ್ನು ಎಲ್ಲರೂ ಕೇಳುವಂತೆ ಯೂಟ್ಯೂಬಿಗೆ ಹಾಕಿದರೆ ಉಲ್ಲಂಘನೆ. ಉದ್ದೇಶ ಎಷ್ಟು ಒಳ್ಳೆಯದಾದರೂ ಅಷ್ಟೇ.

ಆದರೆ 2012ರಲ್ಲಿ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಗಿ 52ನೆಯ ಸೆಕ್ಷನ್ನಿನಲ್ಲಿ ಒಂದು ವಿನಾಯಿತಿ ಸೇರಿತು. ಅಂಗವಿಕಲರು ಓದುವುದಕ್ಕಾಗಿ, ಲಾಭದ ಉದ್ದೇಶವಿಲ್ಲದೆ, ಯಾವುದೇ ಕೃತಿಯನ್ನು ಅವರಿಗೆ ಎಟುಕುವ ರೂಪಕ್ಕೆ ಬದಲಿಸಬಹುದು. ಅದಕ್ಕೆ ಪ್ರಕಾಶಕರ ಅನುಮತಿ ಬೇಕಿಲ್ಲ. ಬೇರೆಯವರ ಕೈಗೆ ಹೋಗದಂತೆ ನೋಡಿಕೊಳ್ಳಬೇಕು. 2013ರ ಮರಾಕೇಶ್ ಒಪ್ಪಂದ ದೇಶದೇಶಗಳ ನಡುವೆ ಇಂಥ ಪ್ರತಿಗಳ ವಿನಿಮಯಕ್ಕೆ ದಾರಿ ಮಾಡಿತು. ಅದನ್ನು ಮೊಟ್ಟಮೊದಲು ಅನುಮೋದಿಸಿದ ದೇಶ ಭಾರತ, 2014ರಲ್ಲಿ. ಈ ವಿಷಯಕ್ಕೆ ನಾವು ಸ್ವಲ್ಪ ಬೀಗಬಹುದು. ಕಡತಗಳನ್ನು ಸುಗಮ್ಯ ಪುಸ್ತಕಾಲಯಕ್ಕೆ ಸೇರಿಸುವ ದಾರಿ ನೋಡಿ. 2016ರಿಂದ ಇರುವ ಆನ್‌ಲೈನ್ ಗ್ರಂಥಾಲಯ ಅದು, ಅಚ್ಚಿನ ಪುಸ್ತಕ ಓದಲಾಗದವರಿಗೆ ಮಾತ್ರ ಸದಸ್ಯತ್ವ.

ಅಚ್ಚುಮೊಳೆ

ಅನುಮತಿ ಬೇಕಿಲ್ಲ ಎಂದರೂ ಪ್ರಕಾಶಕರಿಗೆ ಒಂದು ಮಾತು ಹೇಳಿ. ಒಳ್ಳೆಯ ಮಾತಿನಲ್ಲಿ ಕೇಳಿದರೆ ಮೂಲ ಕಡತವನ್ನೇ ಕೊಡುವವರಿದ್ದಾರೆ. ನಾನು ಇಬ್ಬರನ್ನು ಕೇಳಿ ನೋಡುತ್ತೇನೆ.

ಹೊಸಬ2

ಅಂಧ ಎನ್ನಬಾರದು, ದಿವ್ಯಾಂಗ ಎನ್ನಬೇಕು.

ವೇಗದೂತ

ನನ್ನಲ್ಲಿ ದಿವ್ಯವಾದದ್ದು ಏನೂ ಇಲ್ಲ. ಬೇಕಾದರೆ ನನ್ನ ಹೆಂಡತಿಯನ್ನು ಕೇಳಿ.

ಹೊಸಬ2

ಸರ್ಕಾರವೇ ಬಳಸುವ ಪದ ಅದು, ನೀವು

ನಿರ್ವಾಹಕ

ಈ ಪದಚರ್ಚೆಗೆ ಬೇರೆ ಎಳೆ ಇದೆ, ಅಲ್ಲಿ ಈಗಾಗಲೇ ನಾನ್ನೂರು ಪ್ರತಿಕ್ರಿಯೆಗಳಿವೆ. ಇಲ್ಲಿ ಪುಸ್ತಕದ ಮಾತು ಮುಂದುವರಿಯಲಿ.

ಮಲ್ಲಿಗೆಬಳ್ಳಿ

ನನ್ನ ತಂದೆಯ ವಿಷಯ ಕೇಳಬಹುದೇ? ಎಪ್ಪತ್ತೊಂದು ವರ್ಷ. ಜೀವಮಾನವೆಲ್ಲ ಓದಿದವರು. ಸಕ್ಕರೆ ಕಾಯಿಲೆಯಿಂದ ಎರಡು ವರ್ಷಗಳ ಹಿಂದೆ ದೃಷ್ಟಿ ಹೋಯಿತು. ಬ್ರೈಲ್ ಕಲಿಸಲು ಒಬ್ಬರನ್ನು ಗೊತ್ತು ಮಾಡಿದೆ. ಮೂರು ವಾರಕ್ಕೆ ಕೈಬಿಟ್ಟರು. ಸೋಮಾರಿತನ ಎಂದು ನಾನು ಗದರಿದೆ. ಆಮೇಲೆ ವೈದ್ಯರು, ಸಕ್ಕರೆಯಿಂದ ಅವರ ಬೆರಳ ತುದಿಯ ಸ್ಪರ್ಶವೂ ಕುಗ್ಗಿದೆ ಎಂದರು. ಆ ಮಾತು ಕೇಳಿದ ಮೇಲೆ ನನಗೆ ನಿದ್ದೆ ಬಂದಿಲ್ಲ. ಮೊಬೈಲ್ ಕೊಟ್ಟೆ. ಪರದೆ ನುಣುಪು, ಎಲ್ಲಿ ಒತ್ತಿದರೂ ಏನೋ ಆಗುತ್ತದೆ, ರೇಗಿ ಹಾಸಿಗೆಯ ಮೇಲೆ ಎಸೆಯುತ್ತಾರೆ. ಏನು ಮಾಡಲಿ?

ಆರುಚುಕ್ಕಿ

ತಂಗಿ, ನಿಮ್ಮ ತಪ್ಪಿಲ್ಲ. ಎಪ್ಪತ್ತರಲ್ಲಿ ಕಣ್ಣು ಕಳೆದುಕೊಂಡವರ ಕಥೆಯೇ ಬೇರೆ, ನನ್ನಂಥವನ ಸಲಹೆ ಅವರಿಗೆ ಹೊಂದುವುದಿಲ್ಲ. ನಾನು ಕಳೆದುಕೊಂಡದ್ದು ಏನೂ ಇಲ್ಲ. ಅವರು ಕಳೆದುಕೊಂಡಿದ್ದಾರೆ.

ಒತ್ತುವ ಗುಂಡಿಗಳಿರುವ ಚಿಕ್ಕ ಪ್ಲೇಯರ್ ಕೊಡಿಸಿ, ಮೆಮೊರಿ ಕಾರ್ಡ್ ಹಾಕುವಂಥದ್ದು. ನಿಲ್ಲಿಸುವ ಗುಂಡಿಯ ಮೇಲೆ ಒಂದು ಹನಿ ಫೆವಿಕಾಲ್ ಹಾಕಿ ಒಣಗಿಸಿ; ಉಬ್ಬು ಸಾಕಷ್ಟಿದ್ದರೆ ಮಂದವಾದ ಬೆರಳಿಗೂ ತಿಳಿಯುತ್ತದೆ. ಅಧ್ಯಾಯಕ್ಕೊಂದು ಕಡತವಿರಲಿ. ಬೆಂಗಳೂರಿನ ಮಿತ್ರಜ್ಯೋತಿಯಲ್ಲಿ ಧ್ವನಿ ಪುಸ್ತಕಗಳ ಗ್ರಂಥಾಲಯವಿದೆ, ವಿಚಾರಿಸಿ.

ಕರಿಕೋಟು

ನಮ್ಮ ಸೀನಿಯರ್ ಒಬ್ಬರಿಗೂ ಹೀಗೇ ಆಗಿತ್ತು. ಯಾವ ಯಂತ್ರವೂ ಒಗ್ಗಲಿಲ್ಲ. ದಿನಾ ಸಂಜೆ ಯಾರಾದರೂ ಒಬ್ಬ ಜೂನಿಯರ್ ಹೋಗಿ ಪತ್ರಿಕೆ ಓದಬೇಕಿತ್ತು. ಓದುವುದು ಹತ್ತು ನಿಮಿಷ, ಸಂಪಾದಕೀಯವನ್ನು ಬೈಯುವುದು ಐವತ್ತು ನಿಮಿಷ. ಅವರಿಗೆ ಬೇಕಾಗಿದ್ದದ್ದು ಆ ಐವತ್ತು ನಿಮಿಷ ಎಂದು ನನಗೆ ತಡವಾಗಿ ಅರ್ಥವಾಯಿತು.

ಥೇಮ್ಸ್‌ಕನ್ನಡಿಗ

ಇಂಗ್ಲೆಂಡಿನಿಂದ. ಇಲ್ಲಿ ಧ್ವನಿ ಪುಸ್ತಕಗಳು ಶುರುವಾದದ್ದೇ ಮಲ್ಲಿಗೆಬಳ್ಳಿಯವರ ತಂದೆಯಂಥವರಿಗಾಗಿ, ಅಂದರೆ ನಡುವೆ ಕಣ್ಣು ಕಳೆದುಕೊಂಡವರಿಗಾಗಿ. ಮೊದಲ ಮಹಾಯುದ್ಧದಲ್ಲಿ ದೃಷ್ಟಿ ಹೋದ ಸೈನಿಕರಲ್ಲಿ ಅನೇಕರಿಗೆ ಬ್ರೈಲ್ ಒಗ್ಗಲಿಲ್ಲ. ಅವರಿಗೆಂದು 1935ರಲ್ಲಿ ಗ್ರಾಮಫೋನ್ ತಟ್ಟೆಗಳ ಮೇಲೆ ಪುಸ್ತಕ ಬಂತು. ತಟ್ಟೆಯ ಒಂದು ಬದಿಗೆ ಇಪ್ಪತ್ತೈದು ನಿಮಿಷ. ಒಂದು ಕಾದಂಬರಿಗೆ ತಟ್ಟೆಗಳ ರಾಶಿಯೇ. ಅಚ್ಚುಮೊಳೆ ಅವರು ಬ್ರೈಲ್‌ಗೆ ಹೇಳಿದ ಜಾಗದ ಸಮಸ್ಯೆ ಆಡಿಯೋಗೂ ಇತ್ತು!

ನೀಲಿಆನೆ

ಇಷ್ಟು ಹೊತ್ತೂ ಓದುತ್ತಿದ್ದೆ, ಒಂದು ಮಾತು ಯಾರೂ ಹೇಳಲಿಲ್ಲ. ನಾನು ಅಂಧ ತಾಯಿ. ನನ್ನ ಮಗಳಿಗೆ ನಾಲ್ಕು ವರ್ಷ, ಅವಳಿಗೆ ಕಣ್ಣು ಚೆನ್ನಾಗಿವೆ. ರಾತ್ರಿ ಕಥೆ ಓದು ಎನ್ನುತ್ತಾಳೆ. ಮೊಬೈಲ್ ಕಥೆ ಹೇಳಿದರೆ ಅವಳಿಗೆ ಬೇಡ, ಅಮ್ಮನೇ ಓದಬೇಕು. ಆದ್ದರಿಂದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ಮೇಲೆ ಬ್ರೈಲ್ ಚುಚ್ಚಿ, ಚಿತ್ರಪುಸ್ತಕದ ಪ್ರತಿ ಪುಟಕ್ಕೂ ಅಂಟಿಸಿದ್ದೇನೆ. ಅವಳು ಚಿತ್ರ ನೋಡುತ್ತಾಳೆ, ನಾನು ಬೆರಳಿನಿಂದ ಓದುತ್ತೇನೆ. ಆನೆ ಕಾಡಿನಲ್ಲಿ ಹೋಗುತ್ತಿತ್ತು ಎಂದರೆ, "ನೀಲಿ ಆನೆ ಅಮ್ಮಾ" ಎಂದು ತಿದ್ದುತ್ತಾಳೆ. ಪುಸ್ತಕದಲ್ಲಿ ಬಣ್ಣ ಬರೆದಿಲ್ಲ. ಅವಳ ಪುಸ್ತಕವೂ ನನ್ನ ಪುಸ್ತಕವೂ ಒಂದೇ, ಆದರೆ ನನಗೆ ಗೊತ್ತಿಲ್ಲದ್ದು ಅವಳಿಗೆ ಗೊತ್ತು.

ಬ್ರೈಲ್ ಸತ್ತಿದೆ ಎನ್ನುವವರು ಒಮ್ಮೆ ನಮ್ಮ ಮನೆಗೆ ರಾತ್ರಿ ಎಂಟೂವರೆಗೆ ಬನ್ನಿ.

ಅಚ್ಚುಮೊಳೆ

ಕಾಲ ಮುಗಿಯಿತು ಎಂದಿದ್ದೆ, ಸತ್ತಿದೆ ಎಂದಿರಲಿಲ್ಲ. ಆದರೂ ಸೋತೆ. ಆ ಪ್ಲಾಸ್ಟಿಕ್ ಹಾಳೆ ಎಷ್ಟು ದಪ್ಪದ್ದು, ತಿಳಿಸುವಿರಾ? ನನ್ನ ಬಳಿ ಒಂದು ರೀಮ್ ಬಿದ್ದಿದೆ.

ಆರುಚುಕ್ಕಿ

ಹಾಳೆಯ ಮಾತು ಬಂದಾಗ ನೆನಪಾಯಿತು, ವಿಷಯಾಂತರಕ್ಕೆ ಕ್ಷಮಿಸಿ. ಶಾಲೆಯ ವಸತಿನಿಲಯದಿಂದ ರಜೆಗೆ ಬರುವಾಗ ಹಳೆಯ ಬ್ರೈಲ್ ಹಾಳೆಗಳನ್ನು ಮನೆಗೆ ತರುತ್ತಿದ್ದೆ. ದಪ್ಪ ಕಾಗದವಲ್ಲವೇ, ನಮ್ಮ ಅವ್ವ ಬೇಸಿಗೆಯಲ್ಲಿ ಅದರ ಮೇಲೆ ಸಂಡಿಗೆ ಇಟ್ಟಳು. ಒಣಗಿದ ಸಂಡಿಗೆಯನ್ನು ಬಿಡಿಸಿ ಕೈಗೆ ಕೊಟ್ಟಾಗ ನೋಡುತ್ತೇನೆ, ಬೆನ್ನಿನ ಮೇಲೆ ಚುಕ್ಕಿಗಳು! ಹಾಳೆಯನ್ನು ಮಗುಚಿ ಹಾಕಿದ್ದಳು, ಹಾಗಾಗಿ ತಗ್ಗಿನೊಳಗೆ ಹಿಟ್ಟು ಇಳಿದು, ಸಂಡಿಗೆಯ ಮೇಲೆ ಅಕ್ಷರ ಸರಿಯಾಗಿಯೇ ಮೂಡಿತ್ತು. 'ಕಾವೇ' ಎಂದು ಓದಿದೆ. ಭೂಗೋಳದ ನದಿಗಳ ಪಾಠ. 'ರಿ' ಇದ್ದ ಸಂಡಿಗೆಯನ್ನು ಅಷ್ಟರಲ್ಲಿ ತಮ್ಮ ಹಸಿಯಾಗಿಯೇ ತಿಂದಿದ್ದ.

ಷಟ್ಪದಿ

ಈ ವೇದಿಕೆಯಲ್ಲಿ ಈ ವರ್ಷ ಓದಿದ ಅತ್ಯುತ್ತಮ ಪ್ರತಿಕ್ರಿಯೆ.

ನನ್ನದೂ ಒಂದು ವಿಷಯಾಂತರ. ಎಲ್ಲರೂ ಕಾದಂಬರಿ ಎನ್ನುತ್ತಿದ್ದೀರಿ, ಕಾವ್ಯವನ್ನು ಯಂತ್ರ ಓದಿದರೆ ಹೇಗಿರುತ್ತದೆ? ನಾನು ಗಮಕ ಕಲಿಸುತ್ತೇನೆ. ಕುತೂಹಲಕ್ಕೆ ಮೊನ್ನೆ ಕುಮಾರವ್ಯಾಸನ ಒಂದು ಪದ್ಯವನ್ನು ಮೊಬೈಲಿಗೆ ಕೊಟ್ಟೆ. ಭಾಮಿನಿ ಷಟ್ಪದಿಯ ನಡಿಗೆ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆ. ಪದ ಒಂದು ಸಾಲಿನ ಕೊನೆಯಲ್ಲಿ ಮುರಿದು ಮುಂದಿನ ಸಾಲಿಗೆ ದಾಟುತ್ತದೆ. ಯಂತ್ರ ಸಾಲಿನ ಕೊನೆಗೆ ನಿಂತು ಉಸಿರು ತೆಗೆದುಕೊಂಡಿತು, ಉಸಿರೇ ಇಲ್ಲದ್ದು! ಪದ್ಯ ಅಲ್ಲೇ ಪ್ರಾಣ ಬಿಟ್ಟಿತು. ಹಳಗನ್ನಡ, ನಡುಗನ್ನಡಕ್ಕೆ ಮನುಷ್ಯರ ಗಂಟಲೇ ಬೇಕು. ನೂರಾರು ವರ್ಷ ಊರಿಗೆ ಊರೇ ಆ ಕಾವ್ಯವನ್ನು ಕೇಳಿದ್ದು ಕಿವಿಯಿಂದಲೇ ಅಲ್ಲವೇ? ಕಣ್ಣಿದ್ದವರೂ ಆಗ ಕೇಳುಗರೇ.

ವೇಗದೂತ

ಒಪ್ಪುತ್ತೇನೆ. ಪದ್ಯವನ್ನು ಮೂರು ಪಟ್ಟು ವೇಗದಲ್ಲಿ ಕೇಳಿದ ಪಾಪ ನನಗೂ ಅಂಟಿದೆ.

ಆರುಚುಕ್ಕಿ

ನಮ್ಮ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣಿಲ್ಲದವರು, ಎಷ್ಟು ಮಂದಿ ಅಂಧ ಮಕ್ಕಳಿಗೆ ಕಿವಿಯಿಂದ ಕಿವಿಗೆ ವಿದ್ಯೆ ದಾಟಿಸಿದರು! ಆದ್ದರಿಂದ ಕೇಳುವುದನ್ನು ಕೀಳು ಎಂದು ನಾನು ಯಾವತ್ತೂ ಹೇಳಲಾರೆ. ಆದರೆ ಪದ್ಯವನ್ನು ಇನ್ನೊಬ್ಬರು ಹಾಡಿದರೆ ಅದು ಅವರ ಪದ್ಯ. ಬೆರಳಿನಿಂದ ಓದುವಾಗ ಒಂದು ಪದದ ಮೇಲೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು, ಹಿಂದಿನ ಪದಕ್ಕೆ ಕೈ ಸರಿಸಬಹುದು, ಯಾರಿಗೂ ಹೇಳಬೇಕಾಗಿಲ್ಲ. ಆ ಏಕಾಂತ ನನಗೆ ಬೇರೆಲ್ಲೂ ಸಿಕ್ಕಿಲ್ಲ.

ದುರದೃಷ್ಟವೆಂದರೆ ನನ್ನ ಬಳಿಯಿರುವ ಏಕೈಕ ಬ್ರೈಲ್ ಕವನ ಸಂಕಲನವನ್ನು ಎಲ್ಲಿಯೋ ಸಂಪುಟದ ಮೇಲೆ ಸಂಪುಟ ಪೇರಿಸಿ ಇಟ್ಟಿದ್ದರು. ಚುಕ್ಕಿಗಳು ಚಪ್ಪಟೆಯಾಗಿ ಕೆಲವು ಸಾಲು ಸವೆದುಹೋಗಿವೆ. ಬ್ರೈಲ್ ಪುಸ್ತಕವನ್ನು ನಿಲ್ಲಿಸಿ ಇಡಬೇಕು, ಮಲಗಿಸಬಾರದು. ಪರದೆಯ ಹಾಗೆ ಚುಕ್ಕಿ ಎದ್ದು ಬೀಳುವ ಬ್ರೈಲ್ ಡಿಸ್‌ಪ್ಲೇ ಎಂಬ ಸಾಧನವಿದೆ. ನಲವತ್ತು ಕೋಶಗಳದ್ದು ಲಕ್ಷ ರೂಪಾಯಿ ದಾಟುತ್ತದೆ. ಶಿಕ್ಷಕನ ಸಂಬಳದಲ್ಲಿ ಅದರ ಕನಸು ಕಾಣುತ್ತಿದ್ದೇನೆ.

ಥೇಮ್ಸ್‌ಕನ್ನಡಿಗ

ಬ್ರೈಲ್ ಸಂಪುಟ ಅಂಚೆಯಲ್ಲಿ ಕಳುಹಿಸಲು ಎಷ್ಟು ಖರ್ಚಾಗಬಹುದು?

ಕರಿಕೋಟು

ಏನೂ ಇಲ್ಲ. ಭಾರತದೊಳಗೆ ಅಂಧರ ಸಾಹಿತ್ಯಕ್ಕೆ ಮಾಮೂಲಿ ಅಂಚೆಯಲ್ಲಿ 7 ಕಿಲೋ ತನಕ ಶುಲ್ಕವಿಲ್ಲ. ಪೊಟ್ಟಣದ ಮೇಲೆ ಹಾಗೆಂದು ಬರೆದಿರಬೇಕು.

ತುಂಗಾತೀರ

ಎರಡು ವಾರ ಮೌನವಾಗಿದ್ದುದಕ್ಕೆ ಕ್ಷಮಿಸಿ. ನಿಜ ಹೇಳಬೇಕೆಂದರೆ ಸ್ವಲ್ಪ ನೋವಾಗಿತ್ತು. ಕಂಬಳಿ ಕಟ್ಟಿ, ಮೈಕ್ ತಂದು, ಕೊನೆಗೆ ನಿಮ್ಮ ಗಂಟಲು ಬೇಡ, ಕಣ್ಣು ಕೊಡಿ ಎಂದರೆ ಹೇಗೆ ಅನ್ನಿಸುತ್ತದೆ? ನಾಟಕದ ಇಬ್ಬರಂತೂ ಮೂರು ದಿನ ನಡಿಗೆಗೇ ಬರಲಿಲ್ಲ.

ಆಮೇಲೆ ಎಲ್ಲ ಪ್ರತಿಕ್ರಿಯೆಗಳನ್ನು ಅವರಿಗೆ ಓದಿ ಹೇಳಿದೆ. 84, 87ರ ಕಥೆಗೆ ಒಬ್ಬರು ಎದ್ದು ಒಳಗೆ ಹೋದರು. ಸಂಡಿಗೆಯ ಕಥೆಗೆ ಹೊರಗೆ ಬಂದರು. ಈಗಿನ ಒಪ್ಪಂದ ಇಷ್ಟು. ಆರು ಮಂದಿ ಪಠ್ಯ ತಿದ್ದುತ್ತೇವೆ. ನಾಟಕದ ಇಬ್ಬರು ಮಾತ್ರ ಧ್ವನಿಮುದ್ರಿಸುತ್ತಾರೆ, ಅದೂ ಮಲ್ಲಿಗೆಬಳ್ಳಿಯವರ ತಂದೆಯಂಥವರಿಗಾಗಿ. ಅಧ್ಯಾಯಕ್ಕೊಂದು ಕಡತ, ಪಾತ್ರದ ಧ್ವನಿಗಳನ್ನು ತೊಂಬತ್ತು ಭಾಗ ಇಳಿಸಿ. ಕೊಳಲಿನ ಹುಡುಗನಿಗೆ ಸ್ಕ್ಯಾನ್ ಮಾಡುವ ಕೆಲಸ. ಯೂಟ್ಯೂಬ್ ಇಲ್ಲ. ಐವತ್ತರ ಬದಲು ಈ ವರ್ಷ ಆರು ಪುಸ್ತಕ.

ಮಲ್ಲಿಗೆಬಳ್ಳಿ

ಅಪ್ಪನಿಗೆ ಗುಂಡಿಯ ಪ್ಲೇಯರ್ ಕೊಡಿಸಿದೆ, ಫೆವಿಕಾಲ್ ಉಬ್ಬು ತಿಳಿಯುತ್ತದಂತೆ. ಸಂಜೆ ಪತ್ರಿಕೆಯನ್ನು ನಾನೇ ಓದುತ್ತಿದ್ದೇನೆ, ಬೈಗುಳ ಶುರುವಾಗಿದೆ. ನಾಟಕದವರ ಮೊದಲ ಅಧ್ಯಾಯ ಕೇಳಿ, "ಈ ಮನುಷ್ಯ ಳಕಾರ ಸರಿಯಾಗಿ ಹೇಳುವುದಿಲ್ಲ" ಎಂದರು. ಎರಡನೆಯ ಅಧ್ಯಾಯ ಯಾವಾಗ ಎಂದೂ ಕೇಳಿದರು.

ವೇಗದೂತ

ತುಂಗಾತೀರ ಅವರೇ, ಪಠ್ಯದಲ್ಲಿ ಮೂಲ ಪುಸ್ತಕದ ಪುಟಸಂಖ್ಯೆಯನ್ನು ಬಿಡಬೇಡಿ. ವಿದ್ಯಾರ್ಥಿಗಳು ಉಲ್ಲೇಖ ಕೊಡಲು ಬೇಕಾಗುತ್ತದೆ. ಅಧ್ಯಾಯದ ತಲೆಬರಹಗಳನ್ನು ಬರೀ ದಪ್ಪಕ್ಷರ ಮಾಡದೆ, ಹೆಡಿಂಗ್ ಎಂದೇ ಗುರುತು ಮಾಡಿ. ಆಗ ಒಂದು ಕೀಲಿ ಒತ್ತಿ ಅಧ್ಯಾಯದಿಂದ ಅಧ್ಯಾಯಕ್ಕೆ ಹಾರಬಹುದು.

ತುಂಗಾತೀರ

ಹಾಗೆಯೇ ಮಾಡಿದ್ದೇವೆ. ಮೊದಲ ಪುಸ್ತಕ ಮುಗಿಯಿತು, ಅಚ್ಚುಮೊಳೆಯವರು ಮಾತನಾಡಿಸಿದ ಪ್ರಕಾಶಕರ ಬಳಿ ಮೂಲ ಕಡತ ಉಳಿದಿರಲಿಲ್ಲ, ಸ್ಕ್ಯಾನ್ ಮಾಡಿಯೇ ತಿದ್ದಿದೆವು. 240 ಪುಟ, ಆರು ಮಂದಿ, ಹತ್ತೊಂಬತ್ತು ದಿನ. ನಿಮ್ಮ ಕಾಗೆ ನಮ್ಮಲ್ಲಿಗೂ ಬಂದಿತ್ತು. ಮೂರು ಕಡೆ ವಾಯಸ ಬಡಿಸಿದ್ದನ್ನು ಹಿಡಿದು ಪಾಯಸ ಮಾಡಿದ್ದೇವೆ. ಕಡತವನ್ನು ನಿಮಗೂ ಆರುಚುಕ್ಕಿಯವರಿಗೂ ನಿನ್ನೆ ಕಳುಹಿಸಿದ್ದೇನೆ.

ಆರುಚುಕ್ಕಿ

ತಲುಪಿತು, ನಿನ್ನೆ ರಾತ್ರಿಯೇ ಕುಳಿತೆ. ನಾಲ್ಕನೆಯ ಕಾಗೆ 112ನೆಯ ಪುಟದಲ್ಲಿದೆ.